ಮೂರು ಮೀಟರ್ ತಂತಿ

ಅವ್ವನ ರೇಡಿಯೋ ಕೆಟ್ಟಿದೆ ಎಂದು ಅಣ್ಣ ಫೋನ್ ಮಾಡಿದಾಗ ನಾನು ಜಮಖಂಡಿಯಲ್ಲಿ ವಕೀಲರ ಕಚೇರಿಯಲ್ಲಿ ಕೂತು ಒಂದು ನೋಟಿಸು ಟೈಪ್ ಮಾಡುತ್ತಿದ್ದೆ. ಅದೇ ನನ್ನ ಹೊಟ್ಟೆಪಾಡು. ಒಂದು ಕಾಗದ ಹೋಗಿ ಬಾಗಿಲಿಗೆ ಬಿದ್ದರೆ ಮನೆಮಂದಿಯ ಬಾಯಲ್ಲಿ ತುತ್ತು ಹೇಗೆ ಇಳಿಯದಂತಾಗುತ್ತದೆ ಅಂತ ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಕಾನೂನು ಅಂದರೆ ನನಗೆ ಮೊದಲಿನಿಂದಲೂ ಭಯ.

“ರಿಪೇರಿಯಾಂವಗ ತೋರ್ಸಪಾ,” ಅಂದೆ.

“ತೋರ್ಸೇನಿ. ರೇಡಿಯೋಕ್ಕ ಏನೂ ಆಗಿಲ್ಲಂತ. ಟೇಶನ್ನ ಬಂದ್ ಆಗೇತಂತ,” ಅಂದ ಅಣ್ಣ.

ಟೇಶನ್ ಬಂದ್ ಆಗುವುದು ಅಂದರೇನು? ಅದೇನು ಕಿರಾಣಿ ಅಂಗಡಿಯೇ, ಶಟರ್ ಎಳೆದು ಮನೆಗೆ ಹೋಗಲಿಕ್ಕೆ? ಅಣ್ಣನಿಗೆ ಬೈದೆ, ರಿಪೇರಿಯವನಿಗೆ ಬೈದೆ, ಸಂಜೆ ಬಸ್ಸು ಹತ್ತಿ ನಮ್ಮೂರು ರಬಕವಿಗೆ ಹೋಗಿ ನಾನೇ ಮುಳ್ಳು ತಿರುಗಿಸಿದೆ. ಈ ತುದಿಯಿಂದ ಆ ತುದಿಯವರೆಗೆ ಬರೀ ಗೊರಗೊರ ಸದ್ದು. ರಿಪೇರಿಯವನು ಹೇಳಿದ್ದು ಖರೆ. ಮೀಡಿಯಂ ವೇವ್ ನಿಲ್ಲಿಸಿ ಎಫ್‌ಎಂ ಮತ್ತು ಮೊಬೈಲಿಗೆ ಕಾರ್ಯಕ್ರಮ ಸಾಗಿಸಿದ್ದರು. ಅವ್ವನ ಡಬ್ಬಿಗೆ ಎಫ್‌ಎಂ ಬರುವುದಿಲ್ಲ.

ಅವ್ವ ಕೈಮಗ್ಗದವಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವ ಮಗ್ಗ ಅದು. ನಮ್ಮ ಓಣಿಯಲ್ಲಿ ಉಳಿದದ್ದು ಅದೊಂದೇ, ಬಾಕಿ ಎಲ್ಲರ ಮನೆಯಲ್ಲೂ ಪಾವರ್‌ಲೂಮು. ಅವಳ ದಿನವೆಲ್ಲ ರೇಡಿಯೋದ ಮೇಲೆ ನಿಂತಿತ್ತು. ವಚನ ಬಂದರೆ ಕುಣಿಗೆ ಇಳಿಯುವಳು, ಬಾತ್ಮಿ ಬಂದರೆ ರೊಟ್ಟಿ ಬಡಿಯಲು ಏಳುವಳು, ರೈತರ ಕಾರ್ಯಕ್ರಮ ಶುರುವಾದರೆ ಮತ್ತೆ ಲಾಳಿ ಹಿಡಿಯುವಳು. ಅದು ನಿಂತ ಮೇಲೆ ಅವ್ವನೂ ನಿಂತಳು. ಅರ್ಧ ಸೀರೆ ಮಗ್ಗದ ಮೇಲೆ ಹಾಗೇ ಇತ್ತು, ಅದರ ಮೇಲೊಂದು ಹಳೇ ಧೋತರ ಹೊಚ್ಚಿದ್ದಳು.

“ಯಾಕಬೇ ಅವ್ವಾ?” ಅಂದರೆ, “ಕೈ ಏಳವಲ್ದು,” ಅಂದಳು.

ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಕೆಟ್ಟವನಲ್ಲ ನಮ್ಮಣ್ಣ, ಆದರೆ ಖಾಲಿ ಜಾಗ ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. “ದೀಪಾವಳಿತನಾ ನೋಡ್ತೀನಿ,” ಅಂದ. “ಅಷ್ಟರಾಗ ಅವ್ವ ಮಗ್ಗಕ್ಕ ಕೂತ್ರ ಸೈ. ಇಲ್ಲಂದ್ರ ಕುಣಿ ಮುಚ್ಚಿಸಿ ಎರಡು ಪಾವರ್‌ಲೂಮ್ ಹಾಕ್ತೀನಿ, ನನ್ನ ಹೇಣ್ತಿ ನಡಸ್ತಾಳ. ನೇಯಾಕ ಬ್ಯಾಡಾದ ಮ್ಯಾಲ ಮಗ್ಗಾ ಇಟ್ಟು ಪೂಜಿ ಮಾಡೂದೇನು?”

ಅವ್ವ ಒಳಗಿಂದ ಕೇಳಿಸಿಕೊಂಡಳು. ಆ ಮಗ್ಗಕ್ಕೆ ಕೈ ಹಚ್ಚಿದವರ ಕೈ ಮುರಿಯುತ್ತೇನೆ ಅನ್ನುತ್ತಿದ್ದವಳು, ಈಗ ಸೆರಗಿನ ತುದಿ ತಿರುವುತ್ತ ಕೂತಳು.

ಮೊದಲು ಬ್ಲೂಟೂತ್ ಸ್ಪೀಕರ್ ತಂದುಕೊಟ್ಟೆ. ವಚನ, ಭಜನೆ, ಸೋಬಾನೆ ಎಲ್ಲ ತುಂಬಿಸಿದ್ದೆ. ಅವ್ವ ಒಂದು ಗಳಿಗೆ ಕೇಳಿ ಬದಿಗಿಟ್ಟಳು. “ಇದು ನಾವು ಹಾಕಿದ್ದನ್ನ ಹಾಡತೈತಿ. ರೇಡಿಯೋ ಹಂಗೇನು? ಅದು ತಾನ ಬರತೈತಿ. ನಾ ಕೇಳಿದ್ದನ್ನ ಆ ಕಡಿ ಮುಧೋಳದಾಗ ನಮ್ಮ ತಂಗೀನೂ ಕೇಳಿರತಾಳ, ಬೀಳಗಿಯಾಗ ನಮ್ಮ ಬೀಗತೀನೂ ಕೇಳಿರತಾಳ. ಇದನ್ನ ಯಾರ ಕೇಳ್ತಾರ?” ಅಂದಳು.

ರಿಪೇರಿಯವನೇ ದಾರಿ ತೋರಿಸಿದ. ಸಣ್ಣ ಪೆಟ್ಟಿಗೆ ಸಿಗುತ್ತದಂತೆ, ಮೊಬೈಲಿನಲ್ಲಿ ಬರುವ ಟೇಶನ್ನನ್ನು ಅದಕ್ಕೆ ತಂತಿಯಿಂದ ಜೋಡಿಸಿದರೆ ಅದು ಮನೆಯೊಳಗೇ ಮೀಡಿಯಂ ವೇವ್ ಮಾಡಿ ಬಿಡುತ್ತದಂತೆ, ಹಳೇ ರೇಡಿಯೋ ಅದನ್ನು ಹಿಡಿಯುತ್ತದಂತೆ. ಹೊರದೇಶದಲ್ಲಿ ಹವ್ಯಾಸಿಗಳು ಇಟ್ಟುಕೊಂಡು ಆಡುತ್ತಾರಂತೆ. ಅವನ ಹತ್ತಿರವೇ ಒಂದಿತ್ತು, ಬೆಸುಗೆ ಹಾಕಿ ತಾನೇ ಮಾಡಿದ್ದು. “ಅಕ್ಕಾರ, ಇದನ್ನ ಒಯ್ಯಿರಿ, ಇಡೀ ರಬಕವಿ ಕೇಳತೈತಿ,” ಅಂದ ಹಿಗ್ಗಿನಿಂದ.

“ಇಡೀ ರಬಕವಿ ಯಾಕ ಕೇಳಬೇಕೋ ಮಾರಾಯಾ? ನಮ್ಮವ್ವ ಒಬ್ಬಾಕಿ ಕೇಳಿದ್ರ ಸಾಕು. ನನ್ನ ಜೈಲಿಗೆ ಕಳಸಾಂವದಿ ಏನು?” ಅಂದೆ.

ಆಮೇಲೆ ನಾನೇ ಮೊಬೈಲಿನಲ್ಲಿ ಹುಡುಕಲು ಕೂತೆ. ಹೆಣ್ಣು ನೋಡುವವರೂ ಅಷ್ಟು ಕೆದಕಿ ನೋಡಲಿಕ್ಕಿಲ್ಲ. ಒಂದು ಪೆಟ್ಟಿಗೆಯ ಶಕ್ತಿ ಊರಿಗೆಲ್ಲ ಸಾಕಾಗುವಷ್ಟು, ಅದು ಬೇಡ. ಇನ್ನೊಂದಕ್ಕೆ ಒಳಗೊಂದು ಸ್ಕ್ರೂ, ತಿರುವಿದರೆ ಶಕ್ತಿ ಏರುತ್ತದೆ. ಸ್ಕ್ರೂ ಇದ್ದ ಮೇಲೆ ಅಣ್ಣನಂಥವರು ತಿರುವದೆ ಬಿಡುತ್ತಾರೆಯೇ? ಅದೂ ಬೇಡ. ಬಿಡಿ ಭಾಗ ಕೊಟ್ಟು ನೀವೇ ಜೋಡಿಸಿಕೊಳ್ಳಿ ಅನ್ನುವ ಸರಂಜಾಮು ಹಿಡಿದ ಜಾಗದಲ್ಲಿ ನಿಲ್ಲುವುದಿಲ್ಲ, ಪಕ್ಕದ ಟೇಶನ್ನಿನ ಮೇಲೆ ಹೋಗಿ ಕೂರುತ್ತದೆ ಅಂತ ಕೊಂಡವರು ಬರೆದಿದ್ದರು. ಕೊನೆಗೊಂದು ಸಿಕ್ಕಿತು. ಬಾಯಿ ಮುಚ್ಚಿದ ಪೆಟ್ಟಿಗೆ, ಅತೀ ಕಡಿಮೆ ಶಕ್ತಿ, ಏರಿಸಲು ಎಲ್ಲೂ ಆಸ್ಪದವಿಲ್ಲ. ದನಿಯನ್ನು ಗಾಳಿಗೆ ಬಿಡುವ ಮೂರು ಮೀಟರಿನ ತಂತಿ ಜೊತೆಗೇ ಬರುತ್ತದೆ, ಉದ್ದವಾದರೆ ದನಿ ದೂರ ಹೋಗುತ್ತದೆ, ಅದಕ್ಕಿಂತ ಉದ್ದದ್ದು ಕಟ್ಟಬಾರದು ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ಕಾನೂನಿನ ಪ್ರಕಾರ ಇದಕ್ಕೆ ಲೈಸೆನ್ಸ್ ಬೇಕಾಗಿಲ್ಲ, ಅಂತ. ಆ ಸಾಲನ್ನು ಓದಿದಾಗ ನನಗೆ ಆದ ಸಮಾಧಾನ ಎಷ್ಟು ಹೇಳಲಿ! ಮಾರುವವನಿಗೆ ಫೋನ್ ಮಾಡಿಯೂ ಕೇಳಿದೆ. ಪೂರಾ ಲೀಗಲ್ ಮೇಡಂ ಅಂದ.

ಪೆಟ್ಟಿಗೆ ಬಂತು. ನನ್ನ ಹಳೇ ಮೊಬೈಲನ್ನು ಅದಕ್ಕೆ ಸಿಕ್ಕಿಸಿ, ರೇಡಿಯೋದ ಮುಳ್ಳನ್ನು ಬೇರೆ ಯಾವ ಟೇಶನ್ನೂ ಇಲ್ಲದ ಜಾಗಕ್ಕೆ ತಂದೆ. ತಂತಿಯನ್ನು ಕಿಟಕಿಯಿಂದ ಮೇಲೆ ಮಾಳಿಗೆಗೆ ಬಿಟ್ಟೆ. ಗೊರಗೊರ ನಿಂತು ಬಾತ್ಮಿ ಓದುವ ಹೆಂಗಸಿನ ದನಿ ಬಂದಾಗ ಅವ್ವ ಎದ್ದು ನಿಂತೇಬಿಟ್ಟಳು. “ಅಯ್ಯ ಶಿವನ! ಬಂತಲ್ಲಬೇ!” ಅಂದಳು. ಧೋತರ ಕಿತ್ತೆಸೆದು, ನನ್ನ ಹೆಗಲು ಹಿಡಿದು ಕುಣಿಗೆ ಇಳಿದಳು. ರೊಟ್ಟಿ ಬಡಿಯುವ ಹೊತ್ತಿಗೆ ನೇಯಲು ಕೂತದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲಿರಬೇಕು. ಅವತ್ತು ರೊಟ್ಟಿ ನಾನು ಬಡಿದೆ.

ಮುಂದಿನ ದಿನಗಳು ಚೆಂದ ನಡೆದವು. ಅರ್ಧವಾಗಿದ್ದ ಸೀರೆ ಮುಗಿಯಿತು, ಮಗ್ಗಕ್ಕೆ ಹೊಸ ಹಾಸಿನ ಎಳೆ ಏರಿತು. ಅಣ್ಣ ಕುಣಿಯ ಮಾತು ಎತ್ತಲಿಲ್ಲ. ನಾನು ಜಮಖಂಡಿಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಒಂದು ಶನಿವಾರ ಊರಿಗೆ ಹೋಗುವಾಗ ರಬಕವಿಯ ಮಗ್ಗುಲ ಊರು ಬನಹಟ್ಟಿಯಲ್ಲಿ ಇಳಿದು, ಕುಪ್ಪಸ ಹೊಲಿಯಲು ಕೊಟ್ಟಿದ್ದ ದರ್ಜಿಯ ಅಂಗಡಿಗೆ ಹೋದೆ. ಆ ಮುದುಕ ಮಶೀನಿನ ಪಕ್ಕದಲ್ಲಿ ಹಳೇ ರೇಡಿಯೋ ಹಚ್ಚಿಕೊಂಡು ಕೂತಿದ್ದ, ಭಾವಗೀತೆ ಬರುತ್ತಿತ್ತು. ಎಫ್‌ಎಂ ಇರಬೇಕೆಂದುಕೊಂಡು ನಾನು ಲಕ್ಷ್ಯ ಕೊಡಲಿಲ್ಲ. ಸಂತೆಯಲ್ಲಿ ಎಳೇ ಬದನೆಕಾಯಿ ಕಂಡಿದ್ದೆ, ತರಲೇನು ಅಂತ ಅವ್ವನನ್ನು ಕೇಳೋಣವೆಂದು ಮನೆಯ ಹಳೇ ಮೊಬೈಲಿಗೆ ಫೋನ್ ಹಚ್ಚಿದೆ.

ದರ್ಜಿಯ ರೇಡಿಯೋದಲ್ಲಿ ಹಾಡು ಗಪ್ಪನೆ ನಿಂತಿತು. ಟ್ರಿಣ್ ಟ್ರಿಣ್ ಅಂತ ರೇಡಿಯೋ ಬಾರಿಸತೊಡಗಿತು.

ನಾನು ಕೈಯಲ್ಲಿದ್ದ ಫೋನ್ ನೋಡಿದೆ, ರೇಡಿಯೋ ನೋಡಿದೆ. ದರ್ಜಿ ಮಶೀನಿನಿಂದ ತಲೆ ಎತ್ತದೆ, “ಆಗಾಗ ಹಿಂಗ ಆಕ್ಕೈತ್ರಿ. ಯಾರೋ ಫೋನ್ ಮಾಡ್ತಾರ. ಒಬ್ಬಾಕಿ ಹೆಣ್ಣಮಗಳು ಭಾಳ ಜೋರ ಮಾತಾಡ್ತಾಳ,” ಅಂದ. ಅಷ್ಟರಲ್ಲಿ ಅವ್ವ ಫೋನ್ ಎತ್ತಿದಳು. ಗಾಬರಿಯಲ್ಲಿ ನನ್ನ ಬಾಯಿಂದ “ಅವ್ವಾ!” ಅಂತ ಬಂತು. ರೇಡಿಯೋದಿಂದ ನನ್ನದೇ ದನಿ “ಅವ್ವಾ!” ಅಂತು.

ಫೋನ್ ಕತ್ತರಿಸಿದೆ. ದರ್ಜಿ ಈಗ ಮಶೀನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. “ಅಂದ್ರ ಆ ಹೆಣ್ಣಮಗಳು ನೀವ ಏನ್ರೀ?” ಅಂದ. ಆ ಹಳೇ ಮೊಬೈಲಿಗೆ ಫೋನ್ ಮಾಡಿ ನಾನು ಏನೇನು ಮಾತಾಡಿದ್ದೆ! ಅಣ್ಣನನ್ನು ಬೈದದ್ದು, ವಕೀಲರ ಹೆಂಡತಿಯ ಬಂಗಾರದ ಮಾತು, ನನ್ನ ಮೊಣಕಾಲು ನೋವು. ಕುಪ್ಪಸ ಅಲ್ಲೇ ಬಿಟ್ಟು ಓಡಿ ಬಂದು ಆಟೋ ಹತ್ತಿದೆ. ಹೋದ್ಯಾ ಪಿಶಾಚಿ ಅಂದರೆ ಬಂದ್ಯಾ ಗವಾಕ್ಷಿಯಾಗ ಅನ್ನುತ್ತಾರಲ್ಲ, ಕಾನೂನಿನ ಭಯ ಹಾಗೆ ತಿರುಗಿ ಬಂತು. ಮೂರು ಮೀಟರಿನ ತಂತಿಯಿಂದ ಬನಹಟ್ಟಿಯ ಅಂಗಡಿಯವರೆಗೆ ನನ್ನ ದನಿ ಹೇಗೆ ಬಂತು ಅಂತ ದಾರಿಯುದ್ದಕ್ಕೂ ಬೆವೆತೆ.

ನೆಟ್ಟಗೆ ಮಾಳಿಗೆ ಹತ್ತಿದೆ. ಹತ್ತಿದವಳು ಅಲ್ಲೇ ಕೂತುಬಿಟ್ಟೆ.

ನನ್ನ ತಂತಿಯ ತುದಿಗೆ ಇನ್ನೊಂದು ತಾಮ್ರದ ತಂತಿ ಹೊಸೆದು ಕೂಡಿಸಿತ್ತು. ಅದು ನಮ್ಮ ಮಾಳಿಗೆ ದಾಟಿ ಪಕ್ಕದ ಮನೆಯ ಮಾಳಿಗೆಗೆ ಹೋಗಿ, ಅಲ್ಲಿ ಮತ್ತೊಂದು ತುಂಡಿಗೆ ಕೂಡಿ, ಆ ಮೇಲೆ ಮತ್ತೊಂದಕ್ಕೆ. ಸುಟ್ಟ ಮೋಟರಿನಿಂದ ಬಿಚ್ಚಿದ ತಂತಿ, ಬಟ್ಟೆ ಒಣಹಾಕುವ ತಂತಿ, ಯಾರದೋ ಮನೆಯ ಹಳೇ ಟಿವಿ ತಂತಿ. ಓಣಿಯ ಕೊನೆಯ ಮನೆಯವರೆಗೆ ಹೋಗಿತ್ತು. ಕೂಡಿಸಿದ ಗಂಟು ನೋಡಿದರೆ ಸಾಕು, ಯಾರ ಕೆಲಸ ಅಂತ ಗೊತ್ತಾಗುತ್ತಿತ್ತು. ಹಳೇ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಹೊಸೆಯುವ ನೇಕಾರರ ಗಂಟು.

“ಅವ್ವಾ! ಯಾರಿದನ್ನ ಮಾಡ್ದವ್ರು?” ಅಂತ ಮಾಳಿಗೆಯಿಂದಲೇ ಒದರಿದೆ.

ಅವ್ವ ಅಂಗಳಕ್ಕೆ ಬಂದು, ಕಣ್ಣಿಗೆ ಕೈ ಮರೆಮಾಡಿ ಮೇಲೆ ನೋಡಿದಳು. ಮುಖದಲ್ಲಿ ತಪ್ಪಿನ ಸುಳಿವೂ ಇಲ್ಲ. “ತುದಿ ಹಂಗ ಜೋತಾಡಾಕತ್ತಿತ್ತು. ಎಳಿ ಸಾಲದಾಗೇತಿ ಅಂತ ಕೂಡಿಸಿದ್ನಿ. ಬಿಚ್ಚಿದ ಎಳಿ ಕಂಡ್ರ ಯಾರ ಸುಮ್ನ ಬಿಡ್ತಾರಬೇ?” ಅಂದಳು. “ನಾ ಕೂಡಸೂದು ಕಂಡು ಪಕ್ಕದಾಕಿ ಬಂದ್ಳು, ಆಕಿನ್ನ ಕಂಡು ಅದರಾಚಿ ಮನಿಯಾಕಿ ಬಂದ್ಳು. ನಾ ಯಾರನ್ನೂ ಕರದಿಲ್ಲ.”

ಕರೆಯಬೇಕಾಗಿಯೂ ಇಲ್ಲ ನಮ್ಮ ಓಣಿಯಲ್ಲಿ. ಯಾರದೇ ಮನೆಯ ಹಾಸನ್ನು ಗಂಜಿ ಹಚ್ಚಲು ಬೀದಿಯಲ್ಲಿ ಉದ್ದಕ್ಕೆ ಎಳೆದರೆ, ಕಂಡವರು ಬಂದು ಒಂದು ಕೈ ಹಿಡಿಯಲೇಬೇಕು. ಹಿಡಿಯದೆ ದಾಟಿ ಹೋದವರನ್ನು ಮನುಷ್ಯರಲ್ಲಿ ಎಣಿಸುವುದಿಲ್ಲ. ತಂತಿಗೂ ಅವರು ಅದನ್ನೇ ಮಾಡಿದ್ದರು. ಅಟ್ಟದ ಮೇಲಿನ ಹಳೇ ರೇಡಿಯೋಗಳೆಲ್ಲ ಕೆಳಗಿಳಿದಿದ್ದವು. ಎಲ್ಲರ ಮನೆಯಲ್ಲೂ ಅವ್ವನ ಟೇಶನ್ ಹತ್ತುತ್ತಿತ್ತು.

ಸೋಮವಾರ ಪೆಟ್ಟಿಗೆಯ ಜೊತೆ ಬಂದ ಕಾಗದ ಹಿಡಿದುಕೊಂಡು ವಕೀಲರ ಮುಂದೆ ಹೋದೆ. ತಂತಿ ಬಿಚ್ಚಿ ಮೂರು ಮೀಟರಿಗೆ ಇಳಿಸಿದರೆ ಮುಗಿಯಿತಲ್ಲ ಅಂತ ಕೇಳುವ ಮನಸ್ಸಿತ್ತು. ಅವರು ಕನ್ನಡಕ ಏರಿಸಿ ಓದಿದರು. ಓದಿ, ನನ್ನನ್ನು ನೋಡಿದರು.

“ಅಕ್ಕಾರ, ಲೈಸೆನ್ಸ್ ಬ್ಯಾಡ ಅಂತ ಐತಿ ಖರೆ. ಯಾವ ದೇಶದ ಕಾನೂನಿನ ಪ್ರಕಾರ ಅಂತ ಓದೀರೇನು?”

ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದು ಅಮೆರಿಕದ್ದು.

ಅವರು ಅಲ್ಲಿ ಇಲ್ಲಿ ಫೋನ್ ಹಚ್ಚಿ, ಪುಸ್ತಕ ತೆಗೆದು ನೋಡಿ ಹೇಳಿದರು. “ನಮ್ಮಲ್ಲಿ ಗಾಳಿಯಾಗ ತರಂಗ ಬಿಡೂ ಸಾಮಾನಿಗೆ ಲೈಸೆನ್ಸ್ ಬೇಕ. ರಿಮೋಟು, ಬ್ಲೂಟೂತು, ಇಂಥಾವಕ್ಕ ಸರಕಾರ ಬ್ಯಾರೆ ಜಾಗಾ ಬಿಟ್ಟುಕೊಟ್ಟೈತಿ. ರೇಡಿಯೋ ಟೇಶನ್ ಬರೂ ಜಾಗಾ ಅದರಾಗ ಇಲ್ಲ. ಮೂರು ಮೀಟರ್ ಇರ್ಲಿ, ಮೂರು ಗೇಣ ಇರ್ಲಿ, ಇದು ನಡಿಯಂಗಿಲ್ಲ. ಮನಿ ಯಾರ ಹೆಸರಿಲೆ ಐತಿ?”

“ನಮ್ಮವ್ವನ ಹೆಸರಿಲೆ,” ಅಂದೆ.

“ಹಂಗಾರ ಕಾಗದ ಬಂದ್ರ ಅವರ ಹೆಸರಿಗೇ ಬರತೈತಿ,” ಅಂದರು ಅವರು.

ಇಷ್ಟು ವರ್ಷ ಕಂಡವರ ಹೆಸರು ಹಾಕಿ ನೋಟಿಸು ಹೊಡೆದ ಬೆರಳುಗಳು ಇವು. ಅವ್ವನ ಹೆಸರು ಆ ಜಾಗದಲ್ಲಿ ಕೂತದ್ದನ್ನು ಕಣ್ಣಲ್ಲಿ ಕಂಡಂತಾಗಿ ನನಗೆ ಅಳುವೇ ಬಂತು. ಮಾರಿದವನಿಗೆ ಫೋನ್ ಮಾಡಿ, ಏಳು ತಲೆಮಾರು ಜಾಲಾಡಿದೆ. ಅವನು ಫೋನ್ ಇಟ್ಟ. ಅವತ್ತೇ ರಬಕವಿಗೆ ಹೋಗಿ ಪೆಟ್ಟಿಗೆ ಕಿತ್ತೆ.

ಅವ್ವನಿಗೆ ಸಿಟ್ಟು ಬರುತ್ತದೆ, ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. “ಕಾನೂನ ಬ್ಯಾಡ ಅಂದ್ರ ಬ್ಯಾಡಬಿಡು,” ಅಂದಳಷ್ಟೇ. ಮಾಳಿಗೆಯ ಮೇಲೆ ಕತ್ತರಿ ಹಿಡಿದು ಹೊರಟ ನನ್ನ ಕೈ ಹಿಡಿದು, ಒಂದೊಂದೇ ಗಂಟು ತಾನೇ ಬಿಚ್ಚಿ, ಅವರವರ ತಂತಿಯನ್ನು ಸುತ್ತಿ ಅವರವರಿಗೆ ಕೊಟ್ಟು ಬಂದಳು. ಬಂದು ಮಗ್ಗದ ಮೇಲೆ ಧೋತರ ಹೊಚ್ಚಿದಳು. ದೀಪಾವಳಿ ಹತ್ತಿರ ಬಂದಿತ್ತು.

ನಾನು ಬಿಡುವವಳಲ್ಲ. ಗಾಳಿಯಲ್ಲಿ ಬಿಟ್ಟರೆ ತಾನೇ ತಪ್ಪು? ರಿಪೇರಿಯವನಿಂದ ರೇಡಿಯೋದ ಹೊಟ್ಟೆ ಬಿಚ್ಚಿಸಿ, ಮೊಬೈಲಿನಿಂದ ನೇರ ಅದರ ಸ್ಪೀಕರಿಗೆ ತಂತಿ ಹಾಕಿಸಿದೆ. ಗಾಳಿಗೆ ಏನೂ ಹೋಗುವುದಿಲ್ಲ, ವಕೀಲರೂ ಅದಕ್ಕೆ ತಕರಾರಿಲ್ಲ ಅಂದರು. ಅದೇ ರೇಡಿಯೋ, ಅದೇ ಗೂಡು, ಅದೇ ಬಾತ್ಮಿ.

“ಪಕ್ಕದವ್ರಿಗೆ ಹತ್ತೈತೇನು?” ಅಂದಳು ಅವ್ವ.

“ಇಲ್ಲಬೇ. ನಿನಗಷ್ಟ.”

ಅವ್ವ ಎದ್ದು ಹೋಗಿ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದಳು. “ನನ್ನೊಬ್ಬಾಕಿಗೇ ಹಾಡೂದಾದ್ರ ನನಗ ಬ್ಯಾಡ. ಆ ಕುಣ್ಯಾಗ ಒಬ್ಬಾಕೀನ ಇಳಿದು ಕೂತು ಕೂತು ನನಗ ಸಾಕಾಗೇತಿ,” ಅಂದಳು. ಇಷ್ಟು ವರ್ಷ ಅವಳು ಹಾಡು ಕೇಳುತ್ತಿದ್ದಾಳೆ ಅಂತಲೇ ನಾನು ತಿಳಿದಿದ್ದೆ.

ಮರುದಿನ ನಾನು ಜಮಖಂಡಿಗೆ ಹೊರಟಾಗ ಪಕ್ಕದಾಕೆ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ನೂಲು ಸುತ್ತುವ ರಾಟೆ. “ನಿಮ್ಮನ್ಯಾಗ ಹತ್ತೈತಂತಲ್ಲರೀ ಅಕ್ಕಾರ. ಒಂದೀಟು ಕೇಳಿ ಹೊಕ್ಕೀನಿ,” ಅಂದಳು. ಅವಳ ಹಿಂದೆ ಇನ್ನೊಬ್ಬಳು. ಬಂದವರಿಗೆ ಬೇಡ ಅನ್ನಲಾಗದೆ ಅವ್ವ ರೇಡಿಯೋ ಹಚ್ಚಿದಳು. ಬಂದವರೆಲ್ಲ ಕೈಯಾಡಿಸುತ್ತ ಕೂತಾಗ ತಾನೊಬ್ಬಳೇ ಸುಮ್ಮನೆ ಕೂರುವುದು ನಾಚಿಕೆ ಅನ್ನಿಸಿತೋ ಏನೋ, ಧೋತರ ಸರಿಸಿದಳು.

ಇದೆಲ್ಲ ಅಣ್ಣನಿಗೆ ಗೊತ್ತಿರಲಿಲ್ಲ. ಅವನು ಹಗಲೆಲ್ಲ ಊರಾಚೆಯ ಶೆಡ್ಡಿನಲ್ಲಿ, ಅಲ್ಲಿನ ಪಾವರ್‌ಲೂಮುಗಳ ಮುಂದೆ ಇರುವವನು. ಕೊಟ್ಟ ಮಾತಿನಂತೆ ದೀಪಾವಳಿಯ ಮುಂಚೆ ಗೌಂಡಿಯನ್ನು ಕರೆದುಕೊಂಡು ಕುಣಿಯ ಅಳತೆಗೆ ಬಂದ. ನಾನು ಹಬ್ಬದ ರಜೆಗೆ ಬಂದಿದ್ದೆ. ಜಗಳಕ್ಕೆ ತಯಾರಾಗಿ ಅವನ ಹಿಂದೆಯೇ ಒಳಗೆ ಹೋದೆ. ಮಗ್ಗದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗುಂಟ ಹೆಂಗಸರು, ಅವರ ರಾಟೆಗಳು, ನೂಲಿನ ಬುಟ್ಟಿಗಳು. ರೇಡಿಯೋದಲ್ಲಿ ಪೇಟೆಧಾರಣೆ ಹೇಳುತ್ತಿದ್ದರು. ಲಾಳಿ ಓಡಾಡುವ ಸದ್ದು ಮಾತ್ರ ಎಂದಿನಂತಿರಲಿಲ್ಲ, ತಡವರಿಸುತ್ತಿತ್ತು.

ನೋಡಿದರೆ ಅವ್ವ ಕುಣಿಯ ದಂಡೆಯ ಮೇಲೆ ಕೂತಿದ್ದಳು. ಕುಣಿಯೊಳಗೆ ಇಳಿದು, ತುಟಿ ಕಚ್ಚಿಕೊಂಡು ಲಾಳಿ ಎಸೆಯುತ್ತಿದ್ದವಳು ನಮ್ಮ ವೈನಿ, ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಕೈಮಗ್ಗ ಮುಟ್ಟದವಳು. ಯಾರ ಸಲುವಾಗಿ ಎರಡು ಪಾವರ್‌ಲೂಮು ಬರಬೇಕಿತ್ತೋ ಅವಳು.

“ಏನಿದು?” ಅಂದ ಅಣ್ಣ. “ಕುಣಿ ಮುಚ್ಚಾಕ ಗೌಂಡಿ ಬಂದಾನ.”

ವೈನಿ ಗಂಡನೆದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಲಾಳಿಯನ್ನು ತೊಡೆಯ ಮೇಲಿಟ್ಟು, ಸೆರಗಿನಿಂದ ಬೆವರೊರೆಸಿಕೊಂಡಳು.

“ಮುಚ್ಚೂ ಮೊದಲ ನನ್ನ ಒಂದ ಮಾತ ಕೇಳಬೇಕಿತ್ತರಿ,” ಅಂದಳು. “ಅತ್ತ್ಯಾರ ನಂತ್ರ ಇದರಾಗ ಇಳಿಯಾಕಿ ನಾನು.”